ಆಕ್ಷೇಪಣೆ ಇಲ್ಲ

ಹೈಸ್ಕೂಲ್ ಮೈದಾನದಲ್ಲಿ ಸುಣ್ಣದ ಗೆರೆ ಎಳೆಸಿ
ಮೂವತ್ತೊಂದು ಮಳಿಗೆಗೆ ಗೂಟ ಹೊಡೆಸಿ ಹೋಗಿದ್ದೆ ನಿನ್ನೆ ಸಂಜೆ.
ಮಳಿಗೆಗೂ ಮಳಿಗೆಗೂ ನಡುವೆ ಮೂರು ಮೀಟರ್,
ಎದುರುಬದುರು ಬಾಗಿಲು ಇಡುವಂತಿಲ್ಲ.
ಬೆಳಗ್ಗೆ ಬಂದರೆ
ಮೂರು ಮೀಟರ್ ಎರಡೂಕಾಲಾಗಿದೆ.
ದಾವಣಗೆರೆಯಲ್ಲಿ ರಾತ್ರಿ ಹೊತ್ತು ಗೂಟಗಳಿಗೆ ಕಾಲು ಬರುತ್ತವೆ.
ಹದಿನಾಲ್ಕು ದೀಪಾವಳಿಯಿಂದ ನೋಡುತ್ತಿದ್ದೇನೆ,
ಒಂದೂ ಹಿಂದಕ್ಕೆ ನಡೆದದ್ದಿಲ್ಲ.

ಟೇಪಿನ ಆ ತುದಿ ಹಿಡಿಯುವವನು ಜಬೀವುಲ್ಲಾ,
ಹನ್ನೊಂದನೇ ಮಳಿಗೆ.
ನನಗಿಂತ ಅವನಿಗೇ ನಿಯಮ ಬಾಯಿಪಾಠ:
"ತಗಡಿನ ಶೆಡ್ಡೇ ಆಗ್ಬೇಕು, ಶಾಮಿಯಾನ ನಡೆಯಂಗಿಲ್ಲ,
ಲಾಟೀನು ನಡೆಯಂಗಿಲ್ಲ, ಬಲ್ಬು ನೇತಾಡಂಗಿಲ್ಲ,
ಎರಡು ಬಕೆಟ್ ಮರಳು, ಒಂದು ಡ್ರಮ್ ನೀರು,
ಹಬ್ಬ ಮುಗಿದ ಮ್ಯಾಲೆ ಉಳಿದ ಮಾಲು ಮನಿಗೆ ಒಯ್ಯಂಗಿಲ್ಲ,
ಒಂದು ಸುರುಸುರುಬತ್ತಿನೂ.
ಇನ್ನೇನ್ ಬಿಟ್ಟೆ ಹೇಳ್ರಿ ಸಾಹೇಬ್ರ?"
"ಗೂಟ," ಅಂದೆ.
ನಕ್ಕ. ಸುತ್ತಿಗೆ ತಂದ.

ಅವನ ಅರ್ಜಿ ಅವನಿಗಿಂತ ಹೆಚ್ಚು ಊರು ಸುತ್ತಿದೆ:
ಜಿಲ್ಲಾಧಿಕಾರಿ ಕಚೇರಿಯ ಮೂರನೇ ಕಿಟಕಿ,
ಅಲ್ಲಿಂದ ಪೊಲೀಸು, ಅಲ್ಲಿಂದ ಪಾಲಿಕೆ, ಅಲ್ಲಿಂದ ನಾನು,
ನನ್ನಿಂದ ಮತ್ತೆ ಮೂರನೇ ಕಿಟಕಿ.
ಲಗತ್ತಿಸಿದ ನಕಾಶೆ ಮಗಳು ತಹಸೀನ್ ಬರೆದದ್ದು,
ಶಾಲೆಯ ಸ್ಕೇಲಿನಲ್ಲಿ, ಮೂಲೆಯ ಬೇವಿನಮರವನ್ನೂ ಬಿಡದೆ.
ಮರವನ್ನು ಯಾವ ನಮೂನೆಯೂ ಕೇಳಿಲ್ಲ,
ಆದರೂ ಹಸಿರು ತುಂಬಿದ್ದಾಳೆ.
ಅದರ ಕೆಳಗೆ ನಾನು ಸಹಿ ಹಾಕಬೇಕಾದ ಸಾಲು:
ಅಗ್ನಿಶಾಮಕ ಇಲಾಖೆಯ ಆಕ್ಷೇಪಣೆ ಇರುವುದಿಲ್ಲ.

ಇಲಾಖೆಗೆ ಇಲ್ಲ.
ನನ್ನ ಮೂಗಿಗೆ ಇದೆ.
ನೌಕರಿಗೆ ಸೇರಿದ ವರ್ಷ, ಹೆದ್ದಾರಿ ಬದಿಯ ಒಂದು ಗೋದಾಮು.
ಬೀಗ ಹೊರಗಿನಿಂದ.
ಪರವಾನಗಿ ಗೋಡೆಯ ಮೇಲಿತ್ತು, ಕಟ್ಟು ಹಾಕಿಸಿ, ಕುಂಕುಮ ಹಚ್ಚಿ;
ನಾವು ನೀರು ಬಿಟ್ಟಾಗ ಗಾಜು ಮಾತ್ರ ಸಿಡಿಯಿತು.
ಅದರಲ್ಲಿ ಬರೆದ ತೂಕ ಒಂದು, ಒಳಗಿದ್ದ ತೂಕ ಒಂದು.
ವ್ಯತ್ಯಾಸ
ಮೂರು ಹುಡುಗರು.

ಹೋದ ವರ್ಷ ಹೆಬ್ಬಾಳು ಟೋಲಿನ ಹತ್ತಿರ
ಶಿವಕಾಶಿಯ ಲಾರಿ ತಡೆದರು.
ಚಾಲಕ ಮಾಯಾಂಡಿಯ ಕಾಗದ ಎಲ್ಲ ಸರಿ,
ಹಣೆಯ ಮೇಲೆ "ಸ್ಫೋಟಕ" ಫಲಕ ಸರಿ,
ಮೇಲಿನ ನಲವತ್ತು ಪೆಟ್ಟಿಗೆ ಸರಿ.
ಕೆಳಗೆ ಆರು, ನಮ್ಮಲ್ಲಿ ಯಾರೂ ಓದಲಾರದ ಲಿಪಿ.
ಬಿಲ್ಲಿನಲ್ಲಿ "ಆಟಿಕೆ."
ಹಡಗಿನಿಂದಲೂ ಆಟಿಕೆಯಾಗಿಯೇ ಇಳಿದಿದ್ದವಂತೆ.
ಮಾಯಾಂಡಿ ತಮಿಳಿನಲ್ಲಿ ತಾಯಿಯ ಮೇಲೆ ಆಣೆ ಹಾಕಿದ,
ಅದಕ್ಕೆ ರಸೀದಿ ಕೊಡುವ ಪದ್ಧತಿ ಇಲ್ಲ.

ತಿಂಗಳುಗಟ್ಟಲೆ ಕಳೆದು ಆದೇಶ ಬಂತು: ನಾಶಪಡಿಸುವುದು.
ಪಟಾಕಿ ನಾಶಪಡಿಸುವುದೆಂದರೆ ಸುಡುವುದಲ್ಲ,
ನೆನೆಸುವುದು.
ಠಾಣೆಯ ಹಿತ್ತಲಲ್ಲಿ ಎರಡು ಡ್ರಮ್, ಎರಡು ದಿನ.
ಕಾಗದ ಬಣ್ಣ ಬಿಟ್ಟು ನೀರು ಮೊದಲು ಗುಲಾಬಿ,
ಆಮೇಲೆ ನೇರಳೆ, ಆಮೇಲೆ ಹೆಸರಿಲ್ಲದ್ದೊಂದು.
ಹೊಸ ಹುಡುಗ ಪಾಲಾಕ್ಷ ಡ್ರಮ್ಮಿಗೆ ಕಿವಿ ಕೊಟ್ಟು ಕೂತಿದ್ದ:
"ಒಳಗೆ ಗುಳುಗುಳು ಅಂತೈತ್ರಿ ಸಾರ್."
ಅಷ್ಟೇ ಸದ್ದು.
ನಾನು ಕಂಡ ದೀಪಾವಳಿಗಳಲ್ಲಿ ಚೆಂದದ್ದು ಅದೇ ಅಂತ
ವರದಿಯಲ್ಲಿ ಬರೆಯಲಾಗಲಿಲ್ಲ.

"ಎಷ್ಟಾತ್ರಿ?" ಜಬೀವುಲ್ಲಾ ಆ ತುದಿಯಿಂದ ಕೂಗಿದ.
ಬಗ್ಗಿ ನೋಡಿದೆ.
ಮೂರು ಮೀಟರ್, ಮೇಲೆ ನಾಲ್ಕು ಬೆರಳು.
"ನಾಲ್ಕು ಬೆರಳು ಹೆಚ್ಚಿಗೆ ಯಾಕೋ?"
"ನಮ್ಮ ಪಕ್ಕದೋರ ಗೂಟ ರಾತ್ರಿ ನಡೀತಾವಲ್ರಿ,
ಅದಕ್ಕ."

ಬೇವಿನಮರದ ಕೆಳಗೆ ಸಹಿ ಹಾಕಿದೆ.
ನಾಳೆ ಬೆಳಗ್ಗೆ ಮತ್ತೆ ಟೇಪು ತರುತ್ತೇನೆ ಅಂತ
ಅವನಿಗೂ ಹೇಳಿಲ್ಲ.